ಹಳೆಯ ಟ್ರಕ್ಕಿನ ಎಂಜಿನ್ ಕಂಪ್ಯೂಟರ್: ಪರೀಕ್ಷೆ, ದುರಸ್ತಿ ಮತ್ತು ಬದಲಾವಣೆಯ ಸಮಗ್ರ ಮಾರ್ಗದರ್ಶಿ

ಹೊಸ ಇಸಿಎಂ (ಎಂಜಿನ್ ಕಂಪ್ಯೂಟರ್) ಹಾಕಿದ ಮೇಲೂ ಹಳೆಯ ತೊಂದರೆ ಹಾಗೆಯೇ ಉಳಿಯಿತು, ಇಲ್ಲವೇ ಹಾಕಿದ ಹೊಸ ಪೆಟ್ಟಿಗೆಯೂ ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು ಎಂಬ ದೂರು ಈ ಕೆಲಸಕ್ಕೆ ಕೈಹಾಕಿದವರಿಂದ ಪದೇ ಪದೇ ಕೇಳಿಬರುತ್ತದೆ. ಎರಡಕ್ಕೂ ಸಾಮಾನ್ಯವಾಗಿ ಕಾರಣ ಒಂದೇ: ಕೆಲಸದ ಅನುಕ್ರಮ ತಪ್ಪಿರುತ್ತದೆ. ಕಾರಣ ತಿಳಿಯದ ದೋಷಕ್ಕೆಲ್ಲ ‘ಕಂಪ್ಯೂಟರ್ ಹೋಗಿದೆ’ ಎಂದುಬಿಡುವುದು ಸುಲಭ. ಆದರೆ ಹಳೆಯ ಟ್ರಕ್ಕುಗಳಲ್ಲಿ ಇಸಿಎಂ ಕೊನೆಯ ಆರೋಪಿಯಾಗಬೇಕೇ ಹೊರತು ಮೊದಲನೆಯದಲ್ಲ. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಬೇಕು, ಏಕೆಂದರೆ ಪ್ರತಿ ಹಂತದ ಫಲಿತಾಂಶವೂ ಮುಂದಿನ ಹಂತಕ್ಕೆ ಹೋಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತದೆ.

ಎಂಜಿನ್ ಕಂಟ್ರೋಲ್ ಮಾಡ್ಯೂಲನ್ನು ಇಲ್ಲಿ ಇಸಿಎಂ ಎಂದು ಕರೆಯಲಾಗಿದೆ. ತಯಾರಕರನ್ನು ಅವಲಂಬಿಸಿ ಇದೇ ಪೆಟ್ಟಿಗೆಗೆ ಇಸಿಯು ಅಥವಾ ಪಿಸಿಎಂ ಎಂಬ ಹೆಸರೂ ಇರುತ್ತದೆ.

## ಬೇಕಾಗುವ ಸಾಧನಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಆ ಮಾದರಿಯ, ಆ ವರ್ಷದ, ಆ ಎಂಜಿನ್ನಿನ ವೈರಿಂಗ್ ನಕ್ಷೆ. ಯಾವ ಪಿನ್ ಬ್ಯಾಟರಿಯದು, ಯಾವುದು ಇಗ್ನಿಷನ್ನಿನದು, ಯಾವುದು ಅರ್ತ್, ಯಾವುದು 5 ವೋಲ್ಟ್ ಪೂರೈಕೆ ಎಂಬುದು ಗೊತ್ತಿಲ್ಲದೆ ಮಾಡುವ ಪರೀಕ್ಷೆ ಬರೀ ಊಹೆಯಾಗುತ್ತದೆ. ನಕ್ಷೆ ಸಿಗದಿದ್ದರೆ ಕೆಲಸವನ್ನು ಆರಂಭಿಸಬಾರದು.

ಇದರ ಜೊತೆಗೆ ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, ಲೈವ್ ಡೇಟಾ (ಸೆನ್ಸರುಗಳ ಆ ಕ್ಷಣದ ಅಳತೆಗಳು) ತೋರಿಸುವ ಸ್ಕ್ಯಾನರ್, ಕನೆಕ್ಟರಿನ ಹಿಂಬದಿಯಿಂದ ತೂರಿಸುವ ತೆಳುವಾದ ಪಿನ್‌ಗಳು, ಎರಡು ವೈರು ಜೋಡಿಸಿದ 21 ವ್ಯಾಟಿನ ಬಲ್ಬು (24 ವೋಲ್ಟಿನ ವಾಹನಕ್ಕೆ 24 ವೋಲ್ಟಿನದೇ ಬೇಕು), ಸ್ಥಿರ ವಿದ್ಯುತ್ತನ್ನು ತಡೆಯುವ ಮಣಿಕಟ್ಟಿನ ಪಟ್ಟಿ, ಮತ್ತು ಪ್ರೋಗ್ರಾಮಿಂಗ್ ವೇಳೆ ವೋಲ್ಟೇಜನ್ನು ಸ್ಥಿರವಾಗಿಡುವ ಬ್ಯಾಟರಿ ಸಪೋರ್ಟರ್ ಬೇಕಾಗುತ್ತವೆ. ಬೋರ್ಡನ್ನು ಬಿಚ್ಚಿ ದುರಸ್ತಿ ಮಾಡುವ ಉದ್ದೇಶವಿದ್ದರೆ ಶಾಖ ನಿಯಂತ್ರಣವಿರುವ ಸೋಲ್ಡರಿಂಗ್ ಐರನ್ ಮತ್ತು ಕರೆಂಟ್ ಮಿತಿ ಹೊಂದಿಸಬಹುದಾದ ಪವರ್ ಸಪ್ಲೈ ಕೂಡ ಇರಬೇಕು.

## ಹಂತ 1: ಲಕ್ಷಣಗಳನ್ನು ಓದುವುದು, ಕೋಡುಗಳನ್ನು ಬರೆದಿಟ್ಟುಕೊಳ್ಳುವುದು

ಇಗ್ನಿಷನ್ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತುತ್ತದೆಯೇ ಎಂಬುದು ಮೊದಲ ಪ್ರಶ್ನೆ. ದೀಪ ಹೊತ್ತದಿದ್ದರೆ ಒಂದೋ ಬಲ್ಬು ಸುಟ್ಟಿದೆ, ಇಲ್ಲವೇ ಇಸಿಎಂ ಎಚ್ಚರಗೊಂಡಿಲ್ಲ. ಎಚ್ಚರಗೊಳ್ಳದ ಇಸಿಎಂ ಕೆಟ್ಟಿದೆ ಎಂದು ಅರ್ಥವಲ್ಲ; ಅದಕ್ಕೆ ಕರೆಂಟೇ ಬರುತ್ತಿಲ್ಲದಿರಬಹುದು.

ಸ್ಕ್ಯಾನರ್ ಸಂಪರ್ಕ ಸಿಕ್ಕರೆ ಎಲ್ಲ ದೋಷ ಕೋಡುಗಳನ್ನೂ ಬರೆದಿಟ್ಟುಕೊಂಡ ನಂತರವೇ ಅಳಿಸಬೇಕು. ಪಿ0601 (ಮೆಮೊರಿಯ ಚೆಕ್‌ಸಮ್ ದೋಷ) ಮತ್ತು ಪಿ0606 (ಪ್ರೊಸೆಸರ್ ದೋಷ) ಇಸಿಎಂನ ಒಳಗನ್ನೇ ತೋರಿಸುತ್ತವೆ. ಹೆವಿ ಟ್ರಕ್ಕುಗಳ ಜೆ1939 ಎಂಬ ಡೇಟಾ ವ್ಯವಸ್ಥೆಯಲ್ಲಿ ಎಸ್‌ಪಿಎನ್ (ಯಾವ ಭಾಗ) 629, ಎಫ್‌ಎಂಐ (ಎಂಥ ದೋಷ) 12 ಎಂಬ ಜೋಡಿಗೂ ಇದೇ ಅರ್ಥವಿದೆ. ಇದಕ್ಕೆ ವ್ಯತಿರಿಕ್ತವಾಗಿ ಪಿ0562 (ಕಡಿಮೆ ವೋಲ್ಟೇಜ್), ಪಿ0641 (5 ವೋಲ್ಟ್ ಪೂರೈಕೆ) ಮತ್ತು ಪಿ0685 (ಇಸಿಎಂನ ಪವರ್ ರಿಲೇ) ಬಹುತೇಕ ಹೊರಗಿನ ದೋಷಗಳು. ಪಿ0603 ಬಂದರೆ ಗಾಬರಿ ಬೇಡ, ಬ್ಯಾಟರಿ ತೆಗೆದು ಹಾಕಿದರೂ ಅದು ಬರಬಹುದು.

ಸ್ಕ್ಯಾನರ್ ಹಾಕಲಾಗದಷ್ಟು ಹಳೆಯ ವಾಹನಗಳಲ್ಲಿ ದೀಪದ ಮಿನುಗನ್ನು ಎಣಿಸಬೇಕಾಗುತ್ತದೆ. 1987ರಿಂದ 1995ರವರೆಗಿನ ಜಿಎಂ (ಜನರಲ್ ಮೋಟರ್ಸ್) ಪೆಟ್ರೋಲ್ ಟ್ರಕ್ಕುಗಳಲ್ಲಿ ಪರೀಕ್ಷಾ ಕನೆಕ್ಟರಿನ ಎ ಮತ್ತು ಬಿ ಪಿನ್‌ಗಳನ್ನು ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ ಮೊದಲು ಕೋಡ್ 12 (ಒಂದು ಮಿನುಗು, ಸಣ್ಣ ಬಿಡುವು, ಮತ್ತೆರಡು ಮಿನುಗು) ಮೂರು ಸಲ ಬರುತ್ತದೆ. ಎಂಜಿನ್ ನಿಂತಿರುವಾಗ ಅದು ಬರುವುದೇ ಸರಿ. ಇಸಿಎಂ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವಷ್ಟಾದರೂ ಜೀವಂತವಾಗಿದೆ ಎಂಬುದಕ್ಕೆ ಅದು ಸಾಕ್ಷಿ.

ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸೆನ್ಸರ್ ಕೋಡುಗಳು ಒಟ್ಟಿಗೇ ಬಂದರೆ ಅಷ್ಟೂ ಸೆನ್ಸರುಗಳು ಏಕಕಾಲಕ್ಕೆ ಕೆಟ್ಟಿರುವುದಿಲ್ಲ. ಅವೆಲ್ಲಕ್ಕೂ ಸಾಮಾನ್ಯವಾಗಿರುವ ಪೂರೈಕೆ ಅಥವಾ ಅರ್ತ್ ಕೆಟ್ಟಿರುತ್ತದೆ.

## ಹಂತ 2: ಬ್ಯಾಟರಿಯಿಂದ ಇಸಿಎಂವರೆಗಿನ ದಾರಿ

ಹೆಚ್ಚಿನ ವೈಫಲ್ಯಗಳು ಈ ಹಂತವನ್ನು ಅವಸರದಲ್ಲಿ ಮುಗಿಸಿದ್ದರಿಂದಲೇ ಆಗುತ್ತವೆ, ಆದ್ದರಿಂದ ಇಲ್ಲಿ ಹೆಚ್ಚು ಸಮಯ ಕೊಡಬೇಕು.

ಪೂರ್ಣ ಚಾರ್ಜ್ ಆಗಿ ವಿಶ್ರಾಂತ ಸ್ಥಿತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 24 ವೋಲ್ಟಿನ ವ್ಯವಸ್ಥೆಯಲ್ಲಿ ಅದು 25.2 ಆಗುತ್ತದೆ. ಸ್ಟಾರ್ಟರ್ ತಿರುಗುವಾಗ 12 ವೋಲ್ಟಿನ ವಾಹನದಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಮೊದಲು ಬ್ಯಾಟರಿ ಮತ್ತು ಕೇಬಲ್ಲುಗಳನ್ನು ಸರಿಪಡಿಸಬೇಕು, ಏಕೆಂದರೆ ಹಳೆಯ ಇಸಿಎಂಗಳು ಕಡಿಮೆ ವೋಲ್ಟೇಜಿನಲ್ಲಿ ರೀಸೆಟ್ ಆಗಿ ಎಂಜಿನ್ ಹತ್ತದಂತೆ ಮಾಡುತ್ತವೆ. ಎಂಜಿನ್ ಓಡುವ ಸ್ಥಿತಿಯಲ್ಲಿದ್ದರೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ಅಳೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಆಲ್ಟರ್ನೇಟರಿನ ಡಯೋಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಆ ಏರಿಳಿತವು ಇಸಿಎಂ ಕೆಟ್ಟಂತೆಯೇ ಕಾಣುವ ವಿಚಿತ್ರ ವರ್ತನೆಗಳನ್ನು ಉಂಟುಮಾಡುತ್ತದೆ.

ಅರ್ತ್ ಪರೀಕ್ಷೆಯನ್ನು ಓಮ್ ಮೀಟರಿನಿಂದ ಮಾಡಬಾರದು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಇಸಿಎಂ ಕನೆಕ್ಟರಿನ ಅರ್ತ್ ಪಿನ್ನಿಗೆ ಹಿಂಬದಿಯಿಂದಲೂ ಹಿಡಿದು, ಸ್ಟಾರ್ಟರ್ ತಿರುಗಿಸುತ್ತಿರುವಾಗ ಡಿಸಿ ವೋಲ್ಟ್ ನೋಡಬೇಕು. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಆ ಅರ್ತ್ ಸರಿಯಿಲ್ಲ. ಇಸಿಎಂಗೆ ಒಂದಕ್ಕಿಂತ ಹೆಚ್ಚು ಅರ್ತ್ ಪಿನ್‌ಗಳಿರುತ್ತವೆ. ಪ್ರತಿಯೊಂದನ್ನೂ ಹೀಗೆಯೇ ನೋಡಬೇಕು. ಪೂರೈಕೆಯ ಬದಿಗೂ ಇದೇ ವಿಧಾನ: ಬ್ಯಾಟರಿಯ ಪಾಸಿಟಿವ್‌ನಿಂದ ಇಸಿಎಂನ ಪೂರೈಕೆ ಪಿನ್‌ವರೆಗಿನ ಕುಸಿತ ಅರ್ಧ ವೋಲ್ಟನ್ನು ಮೀರಬಾರದು.

ವೋಲ್ಟೇಜ್ ಮಾತ್ರ ನೋಡಿ ತೃಪ್ತರಾಗುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟನ್ನೇ ತೋರಿಸುತ್ತದೆ. ಆದ್ದರಿಂದ ಇಗ್ನಿಷನ್ ಆಫ್ ಮಾಡಿ, ಇಸಿಎಂ ಕನೆಕ್ಟರನ್ನು ಕಳಚಿ, ಹಾರ್ನೆಸ್ (ವೈರುಗಳ ಕಟ್ಟು) ಬದಿಯ ಪೂರೈಕೆ ಪಿನ್ ಮತ್ತು ಅರ್ತ್ ಪಿನ್ ನಡುವೆ 21 ವ್ಯಾಟಿನ ಬಲ್ಬನ್ನು ಜೋಡಿಸಬೇಕು. ಇಗ್ನಿಷನ್ ಪೂರೈಕೆಯ ಪಿನ್ನನ್ನು ಪರೀಕ್ಷಿಸುವಾಗ ಮಾತ್ರ ಕೀಲಿಯನ್ನು ತಿರುಗಿಸಬೇಕು. ಬಲ್ಬು ಪೂರ್ತಿ ಬೆಳಗಿದರೆ ದಾರಿ ಸರಿಯಿದೆ; ಮಂಕಾಗಿದ್ದರೆ ಎಲ್ಲೋ ಕಿಲುಬು ಅಥವಾ ಮುರಿದ ಎಳೆ ಇದೆ. ಮುಖ್ಯ ರಿಲೇಯನ್ನು ಇಸಿಎಂ ಸ್ವತಃ ಆನ್ ಮಾಡುವ ವಾಹನಗಳಲ್ಲಿ ಕನೆಕ್ಟರ್ ಕಳಚಿದಾಗ ಆ ಪಿನ್‌ಗೆ ಕರೆಂಟ್ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಈ ಬಲ್ಬನ್ನು ಇಸಿಎಂನ ಮೇಲಾಗಲಿ, ಸಿಗ್ನಲ್ ಅಥವಾ ಡೇಟಾ ವೈರುಗಳ ಮೇಲಾಗಲಿ ಎಂದೂ ಬಳಸಬಾರದು.

ಮೀಟರಿನ ದಪ್ಪ ಮೊನೆಯನ್ನು ಕನೆಕ್ಟರಿನ ಸಣ್ಣ ತೂತಿಗೆ ತುರುಕಬಾರದು. ಒಮ್ಮೆ ಅಗಲಗೊಂಡ ಟರ್ಮಿನಲ್ ಮತ್ತೆ ಬಿಗಿಯಾಗಿ ಹಿಡಿಯುವುದಿಲ್ಲ. ಆಗ ಇಲ್ಲದ ದೋಷವೊಂದನ್ನು ನಾವೇ ಹುಟ್ಟಿಸಿದಂತಾಗುತ್ತದೆ.

## ಹಂತ 3: 5 ವೋಲ್ಟ್ ಪೂರೈಕೆ, ಡೇಟಾ ಲೈನು ಮತ್ತು ಹೊರಗಿನ ಲೋಡುಗಳು

ಸೆನ್ಸರುಗಳಿಗೆ ಇಸಿಎಂ ಕೊಡುವ 5 ವೋಲ್ಟ್ ಹಲವು ಸೆನ್ಸರುಗಳಿಗೆ ಹಂಚಿಹೋಗಿರುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೂ ಇಡೀ ಪೂರೈಕೆ ಕುಸಿಯುತ್ತದೆ, ಎಂಜಿನ್ ನಿಲ್ಲುತ್ತದೆ, ಕೆಲವು ವಾಹನಗಳಲ್ಲಿ ಸ್ಕ್ಯಾನರ್ ಸಂಪರ್ಕವೂ ತಪ್ಪುತ್ತದೆ. ಇಗ್ನಿಷನ್ ಆನ್ ಇರುವಾಗ ಮೀಟರನ್ನು ಆ ವೈರಿನ ಮೇಲೆ ಇಟ್ಟು ಸೆನ್ಸರುಗಳನ್ನು ಒಂದೊಂದಾಗಿ ಕಳಚುತ್ತ ಹೋಗಬೇಕು. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೆಯೋ ಅದೇ ಅಪರಾಧಿ. ಎಲ್ಲವನ್ನೂ ಕಳಚಿದರೂ ಮರಳದಿದ್ದರೆ ಇಗ್ನಿಷನ್ ಆಫ್ ಮಾಡಿ, ಇಸಿಎಂ ಕನೆಕ್ಟರನ್ನೂ ಬಿಚ್ಚಿ, ಆ ವೈರು ಅರ್ತ್‌ಗೆ ತಾಗಿದೆಯೇ ಎಂದು ಓಮ್‌ನಲ್ಲಿ ನೋಡಬೇಕು. ವೈರು ಸ್ವಚ್ಛವಾಗಿದ್ದು, ಹಂತ 2ರ ಪೂರೈಕೆಗಳೂ ಸರಿಯಿದ್ದರೆ, ಈಗ ಮೊದಲ ಬಾರಿಗೆ ಇಸಿಎಂನ ಮೇಲೆ ಗಂಭೀರವಾದ ಅನುಮಾನ ಬರುತ್ತದೆ.

ಕ್ಯಾನ್ ಡೇಟಾ ಲೈನ್ (ವಾಹನದ ಕಂಪ್ಯೂಟರುಗಳು ಪರಸ್ಪರ ಮಾತನಾಡುವ ಎರಡು ವೈರುಗಳು) ಇರುವ ವಾಹನಗಳಲ್ಲಿ ಬ್ಯಾಟರಿ ಕಳಚಿ ಎರಡು ಡೇಟಾ ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 16 ಪಿನ್ನಿನ ಕನೆಕ್ಟರಿನಲ್ಲಿ ಇವು 6 ಮತ್ತು 14ನೇ ಪಿನ್‌ಗಳು, ಹೆವಿ ಟ್ರಕ್ಕುಗಳ 9 ಪಿನ್ನಿನ ದುಂಡು ಕನೆಕ್ಟರಿನಲ್ಲಿ ಸಿ ಮತ್ತು ಡಿ. 120 ಓಮ್ ಬಂದರೆ ಎರಡು ಟರ್ಮಿನೇಟರುಗಳಲ್ಲಿ (ಲೈನಿನ ತುದಿಗಳಲ್ಲಿರುವ 120 ಓಮ್ ರೆಸಿಸ್ಟರುಗಳಲ್ಲಿ) ಒಂದು ಕಾಣೆಯಾಗಿದೆ. ಸೊನ್ನೆಯ ಸಮೀಪ ಬಂದರೆ ವೈರುಗಳು ಒಂದಕ್ಕೊಂದು ತಾಗಿವೆ. ಅನೇಕ ವಾಹನಗಳಲ್ಲಿ ಒಂದು ಟರ್ಮಿನೇಟರ್ ಇಸಿಎಂನ ಒಳಗೇ ಇರುವುದರಿಂದ ಅದನ್ನು ಕಳಚಿದಾಗ 120 ಬರುವುದು ಸಹಜ.

ಇಸಿಎಂನ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಸುಡುವುದು ಸಾಮಾನ್ಯವಾಗಿ ಅವು ನಡೆಸುವ ಲೋಡುಗಳೇ. ಕನೆಕ್ಟರ್ ಕಳಚಿದ ಸ್ಥಿತಿಯಲ್ಲಿ ಪ್ರತಿ ಇಂಜೆಕ್ಟರ್, ಸೊಲೆನಾಯ್ಡ್ ಮತ್ತು ರಿಲೇ ಕಾಯಿಲಿನ ಓಮ್ ಅಳೆದು ಬರೆದಿಡಬೇಕು. ಪೆಟ್ರೋಲ್ ಎಂಜಿನ್ನುಗಳ ಹೈ ಇಂಪಿಡೆನ್ಸ್ (ಹೆಚ್ಚು ಓಮ್ ಇರುವ) ಇಂಜೆಕ್ಟರುಗಳು ಸುಮಾರು 12ರಿಂದ 16 ಓಮ್ ತೋರಿಸುತ್ತವೆ. ಕಾಮನ್ ರೈಲ್ ಡೀಸೆಲ್ ಇಂಜೆಕ್ಟರುಗಳು ಹಲವು ಸಲ 1 ಓಮ್‌ಗಿಂತಲೂ ಕಡಿಮೆ ಇರುತ್ತವೆ. ಇಲ್ಲಿ ಸಂಖ್ಯೆಗಿಂತಲೂ ಮುಖ್ಯವಾದದ್ದು ಹೋಲಿಕೆ: ಆರರಲ್ಲಿ ಐದು ಒಂದೇ ತೆರನಾಗಿದ್ದು ಆರನೆಯದು ತೀರಾ ಕಡಿಮೆ ತೋರಿಸಿದರೆ ಅದು ಹೊಸ ಇಸಿಎಂ ಅನ್ನೂ ಸುಡುತ್ತದೆ.

## ಹಂತ 4: ಕೆಟ್ಟಿರುವುದು ಇಸಿಎಂ ತಾನೇ?

ಹಳೆಯ ಡೀಸೆಲ್ ಟ್ರಕ್ಕುಗಳಲ್ಲಿ ಎಂಜಿನ್ ನಿಯಂತ್ರಣವು ಒಂದೇ ಪೆಟ್ಟಿಗೆಯಲ್ಲಿ ಇರಲೇಬೇಕೆಂದಿಲ್ಲ. 1994ರಿಂದ 2003ರವರೆಗಿನ ಫೋರ್ಡ್ 7.3 ಲೀಟರ್ ಪವರ್ ಸ್ಟ್ರೋಕ್ ಟ್ರಕ್ಕುಗಳಲ್ಲಿ ಇಂಜೆಕ್ಟರುಗಳನ್ನು ಹೊಡೆಯುವ ಡ್ರೈವರ್ ಮಾಡ್ಯೂಲ್ ಪಿಸಿಎಂನಿಂದ ಪ್ರತ್ಯೇಕವಾಗಿದೆ. ಜಿಎಂ 6.5 ಲೀಟರ್ ಟರ್ಬೊ ಡೀಸೆಲ್ಲಿನಲ್ಲಿ ಇಂಜೆಕ್ಷನ್ ಪಂಪಿನ ಮೈಗೇ ಅಂಟಿಸಿದ ಡ್ರೈವರ್ ಮಾಡ್ಯೂಲ್ ಬಿಸಿಗೆ ಕೆಡುವುದು ಪ್ರಸಿದ್ಧವಾದ ದೋಷ; ಅದಕ್ಕಾಗಿ ಪಿಸಿಎಂ ಬದಲಾಯಿಸಿದವರು ಅನೇಕರು. 1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನ ಕಮಿನ್ಸ್ ಎಂಜಿನ್ನಿನ ಡಾಡ್ಜ್ ಟ್ರಕ್ಕುಗಳಲ್ಲಿ ಎಂಜಿನ್ ಬ್ಲಾಕಿನ ಮೇಲೆ ಒಂದು ಕಂಪ್ಯೂಟರ್, ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೇಲೆ ಇನ್ನೊಂದು, ಇಂಜೆಕ್ಷನ್ ಪಂಪಿನ ಮೇಲೆ ಮತ್ತೊಂದು ಇವೆ. ಯಾವ ಕೆಲಸ ಯಾವ ಪೆಟ್ಟಿಗೆಯದು ಎಂಬುದನ್ನು ನಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಬಿಚ್ಚುವ ಕೆಲಸ ಆರಂಭಿಸಬೇಕು.

## ಹಂತ 5: ಮಾಹಿತಿ ಉಳಿಸಿ, ನಂತರ ಬಿಚ್ಚುವುದು

ಇಸಿಎಂ ಇನ್ನೂ ಸಂಪರ್ಕಕ್ಕೆ ಸಿಗುತ್ತಿದ್ದರೆ ಬಿಚ್ಚುವ ಮುನ್ನವೇ ಅದರಲ್ಲಿರುವ ಚಾಸಿ ಸಂಖ್ಯೆ, ಕ್ಯಾಲಿಬ್ರೇಷನ್ (ಆ ಎಂಜಿನ್ನಿಗೆಂದು ಹೊಂದಿಸಿದ ತಂತ್ರಾಂಶದ) ಸಂಖ್ಯೆ, ಇಂಜೆಕ್ಟರ್ ಕೋಡುಗಳು (ಪ್ರತಿ ಇಂಜೆಕ್ಟರಿನ ಅಳತೆ ತಿದ್ದುವ ಸಂಖ್ಯೆಗಳು), ಓಡಿದ ದೂರ, ಎಂಜಿನ್ ಗಂಟೆಗಳು, ವೇಗಮಿತಿ, ಟೈರ್ ಮತ್ತು ಆಕ್ಸಲ್ ಸೆಟ್ಟಿಂಗುಗಳನ್ನು ಓದಿ ಉಳಿಸಿಕೊಳ್ಳಬೇಕು. ಪೂರ್ತಿ ಸತ್ತ ನಂತರ ಈ ಮಾಹಿತಿಗಾಗಿ ಪಡಬೇಕಾದ ಪಾಡು ದೊಡ್ಡದು.

ಇಗ್ನಿಷನ್ ಆಫ್ ಮಾಡಿ ಕೆಲವು ನಿಮಿಷ ಕಾಯಬೇಕು, ಏಕೆಂದರೆ ಕೆಲವು ಇಸಿಎಂಗಳು ಆಫ್ ಆದ ನಂತರವೂ ಮಾಹಿತಿಯನ್ನು ಬರೆದುಕೊಳ್ಳುತ್ತಿರುತ್ತವೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ತೆಗೆಯಬೇಕು. ಎರಡು ಬ್ಯಾಟರಿಗಳು ಸಮಾನಾಂತರವಾಗಿದ್ದರೆ ಎರಡರದ್ದೂ. ಕನೆಕ್ಟರನ್ನು ವೈರು ಹಿಡಿದು ಎಳೆಯದೆ ಅದರ ಲಾಕ್ ಅಥವಾ ಬೋಲ್ಟನ್ನು ಸಡಿಲಿಸಿ ನೇರವಾಗಿ ತೆಗೆಯಬೇಕು. ಕೆಲವು ಡೀಸೆಲ್ ಎಂಜಿನ್ನುಗಳಲ್ಲಿ ಇಸಿಎಂನ ಹಿಂದೆ ಇಂಧನ ಹರಿಯುವ ತಂಪುಕಾರಕ ಫಲಕವಿರುತ್ತದೆ. ಅಂಥಲ್ಲಿ ಇಂಧನ ಕೊಳವೆ ಬಿಚ್ಚಿದ್ದರೆ ಕೊನೆಗೆ ಗಾಳಿ ತೆಗೆಯುವ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಳಚಿದ ಕೂಡಲೇ ಪಿನ್‌ಗಳನ್ನು ಬೆಳಕಿನಲ್ಲಿ ನೋಡಬೇಕು. ಹಸಿರು ಕಿಲುಬು ಕಂಡರೆ ನೀರು ಎಲ್ಲಿಂದ ಬಂತು ಎಂದು ಹುಡುಕುವುದು ಕಡ್ಡಾಯ. ಎಣ್ಣೆ ಕಂಡರೆ ಕೆಟ್ಟ ಸೆನ್ಸರಿನಿಂದ ಸೋರಿದ ಎಣ್ಣೆ ವೈರಿನ ಒಳಗೇ ನಡೆದು ಬಂದಿರಬಹುದು.

## ಹಂತ 6: ಬೋರ್ಡ್ ದುರಸ್ತಿ ಯಾವಾಗ ಸಾಧ್ಯ, ಯಾವಾಗ ಅಲ್ಲ

ಮುಚ್ಚಳ ಸ್ಕ್ರೂಗಳಿಂದ ಕೂಡಿದ್ದು, ಒಳಗೆ ಸಾಧಾರಣ ಹಸಿರು ಬೋರ್ಡ್ ಇದ್ದರೆ ಪ್ರಯತ್ನಿಸಬಹುದು. ಒಳಗೆ ಮೆತ್ತನೆಯ ಜೆಲ್ ತುಂಬಿದ್ದು, ಬಿಳಿ ಸೆರಾಮಿಕ್ ಫಲಕದ ಮೇಲೆ ಕೂದಲಿನಷ್ಟು ತೆಳುವಾದ ತಂತಿಗಳು ಕಂಡರೆ ಮುಚ್ಚಿಬಿಡುವುದೇ ಒಳ್ಳೆಯದು. ಆ ತಂತಿಗಳನ್ನು ಸಾಮಾನ್ಯ ಸೋಲ್ಡರಿಂಗ್‌ನಿಂದ ಜೋಡಿಸಲಾಗುವುದಿಲ್ಲ. ಡೀಸೆಲ್ ಇಂಜೆಕ್ಟರ್ ಡ್ರೈವರುಗಳ ಒಳಗಿನ ಕೆಪಾಸಿಟರುಗಳಲ್ಲಿ ಸುಮಾರು 100 ವೋಲ್ಟ್ ಉಳಿದಿರಬಹುದಾದ್ದರಿಂದ ಮುಟ್ಟುವ ಮುನ್ನ ಮೀಟರಿನಿಂದ ಅಳೆದು ರೆಸಿಸ್ಟರ್ ಮೂಲಕ ಖಾಲಿ ಮಾಡಬೇಕು.

1980 ಮತ್ತು 90ರ ದಶಕಗಳ ಬೋರ್ಡುಗಳಲ್ಲಿ ಮೊದಲು ನೋಡಬೇಕಾದದ್ದು ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಉಬ್ಬಿದ ತಲೆ, ಬುಡದಲ್ಲಿ ಕಂದು ಕಲೆ, ಮುಚ್ಚಳ ತೆರೆದ ಕೂಡಲೇ ಬರುವ ಮೀನಿನಂಥ ವಾಸನೆ ಸೋರಿಕೆಯ ಗುರುತುಗಳು. ಸೋರಿದ ದ್ರವವು ಕೆಳಗಿನ ತಾಮ್ರದ ಗೆರೆಗಳನ್ನು ತಿಂದಿರುತ್ತದೆ. ಆದ್ದರಿಂದ ಕೆಪಾಸಿಟರ್ ಬದಲಿಸಿ ಸುಮ್ಮನಾಗದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆದುವಾದ ಬ್ರಷ್‌ನಿಂದ ತೊಳೆದು, ಪ್ರತಿ ಗೆರೆಯ ಕಂಟಿನ್ಯೂಯಿಟಿಯನ್ನು (ಅದು ಕಡಿಯದೆ ಇದೆಯೇ ಎಂಬುದನ್ನು) ನೋಡಿ, ಕಡಿದಲ್ಲಿ ತೆಳುವಾದ ತಂತಿಯಿಂದ ಜೋಡಿಸಬೇಕು. ಹೊಸ ಕೆಪಾಸಿಟರಿನ ಮೈಕ್ರೊಫ್ಯಾರಡ್ ಬೆಲೆ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, ಶಾಖ ಸಹಿಷ್ಣುತೆ 105 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಪಾಸಿಟಿವ್ ಮತ್ತು ನೆಗೆಟಿವ್ ತುದಿಗಳನ್ನು ಅದಲುಬದಲು ಮಾಡಿದರೆ ಅದು ಸಿಡಿಯುತ್ತದೆ.

ಎರಡನೆಯದಾಗಿ, ಕನೆಕ್ಟರ್ ಪಿನ್‌ಗಳ ಮತ್ತು ಭಾರವಾದ ಭಾಗಗಳ ಬುಡದಲ್ಲಿ ಬೆಸುಗೆಯ ಸುತ್ತ ಉಂಗುರದಂಥ ಬಿರುಕು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಬಿಸಿಯಾದಾಗ ನಿಂತು ತಣಿದಾಗ ಓಡುವ ಎಂಜಿನ್ನಿಗೆ ಈ ಬಿರುಕು ಕಾರಣವಾಗಿರಬಹುದು. ಹಳೆಯ ಬೆಸುಗೆಯನ್ನು ತೆಗೆದು ಹೊಸದನ್ನು ಹಾಕಬೇಕು, ಬರೀ ಕಾಯಿಸಿ ಬಿಡುವುದು ಹೆಚ್ಚು ದಿನ ಬಾಳುವುದಿಲ್ಲ. ಸುಟ್ಟ ಔಟ್‌ಪುಟ್ ಟ್ರಾನ್ಸಿಸ್ಟರ್ ಕಂಡರೆ ಅದು ಯಾವ ಪಿನ್ನಿಗೆ ಹೋಗುತ್ತದೆ ಎಂದು ಹಿಂಬಾಲಿಸಿ, ಹಂತ 3ರಲ್ಲಿ ಬರೆದಿಟ್ಟ ಓಮ್ ಪಟ್ಟಿಯೊಂದಿಗೆ ಹೋಲಿಸಬೇಕು.

ದುರಸ್ತಿಯಾದ ಬೋರ್ಡನ್ನು ನೇರವಾಗಿ ವಾಹನಕ್ಕೆ ಹಾಕದೆ, ಪವರ್ ಸಪ್ಲೈಯ ಮಿತಿಯನ್ನು 1 ಆಂಪಿಯರ್‌ಗೆ ಇಟ್ಟು ಮೇಜಿನ ಮೇಲೆ ಪರೀಕ್ಷಿಸಬೇಕು. ಲೋಡುಗಳಿಲ್ಲದ ಹಳೆಯ ಇಸಿಎಂಗೆ ಸಾಮಾನ್ಯವಾಗಿ ಅಷ್ಟು ಕರೆಂಟೂ ಬೇಕಾಗುವುದಿಲ್ಲ. ಮಿತಿ ತಲುಪಿದರೆ ಒಳಗೆ ಇನ್ನೂ ಶಾರ್ಟ್ ಇದೆ. ಸರಿಯಿದ್ದರೆ ಬೋರ್ಡಿನ ರಕ್ಷಣಾ ಲೇಪನವನ್ನು ಮತ್ತೆ ಬಳಿದು ಮುಚ್ಚಳವನ್ನು ಅಂಟಿಸಬೇಕು. ವಿನಿಗರ್ ವಾಸನೆಯ ಸಿಲಿಕೋನ್ ಇಲ್ಲಿ ಸಲ್ಲದು, ಅದರಿಂದ ಹೊರಡುವ ಆಮ್ಲವು ತಾಮ್ರವನ್ನು ಕೊರೆಯುತ್ತದೆ.

## ಹಂತ 7: ಬದಲಿ ಇಸಿಎಂ ಆಯ್ಕೆ

ಕನೆಕ್ಟರ್ ಕೂಡಿತು ಎಂದಮಾತ್ರಕ್ಕೆ ಇಸಿಎಂ ಹೊಂದುತ್ತದೆ ಎಂದಲ್ಲ. ಹಾರ್ಡ್‌ವೇರ್ ಸಂಖ್ಯೆ ಒಂದೇ ಆಗಿದ್ದರೂ ಗೇರ್‌ಬಾಕ್ಸ್ ಮ್ಯಾನ್ಯುಯಲ್ಲೋ ಆಟೊಮ್ಯಾಟಿಕ್ಕೋ, ಹೊಗೆ ನಿಯಂತ್ರಣ ಯಾವುದು, ಎಂಜಿನ್ನಿನ ಶಕ್ತಿ ಎಷ್ಟು ಎಂಬುದರ ಮೇಲೆ ಕ್ಯಾಲಿಬ್ರೇಷನ್ ಬೇರೆಯಾಗುತ್ತದೆ. ಎರಡೂ ಸಂಖ್ಯೆಗಳನ್ನು ಹೋಲಿಸಬೇಕು.

ಬಳಸಿದ ಇಸಿಎಂ ತಂದರೆ ಹಳೆಯದರ ಮಾಹಿತಿಯನ್ನು ಅದಕ್ಕೆ ನಕಲು ಮಾಡುವುದು ಅತ್ಯಂತ ಸುರಕ್ಷಿತ ದಾರಿ. ಸತ್ತ ಇಸಿಎಂನಲ್ಲಿಯೂ ಇಇಪ್ರಾಮ್ ಎಂಬ ಸಣ್ಣ ಮೆಮೊರಿ ಚಿಪ್ ಹೆಚ್ಚಾಗಿ ಬದುಕಿರುತ್ತದೆ, ಇಮೊಬಿಲೈಸರ್ (ಕೀಲಿಯನ್ನು ಗುರುತಿಸಿ ಕಳ್ಳತನ ತಡೆಯುವ ವ್ಯವಸ್ಥೆ) ಗುಟ್ಟು ಅನೇಕ ಮಾದರಿಗಳಲ್ಲಿ ಅದರಲ್ಲಿಯೇ ಇರುತ್ತದೆ. ಬರೆಯುವ ಮುನ್ನ ಎರಡೂ ಚಿಪ್ಪುಗಳನ್ನು ಓದಿ ಪ್ರತಿ ಉಳಿಸಿಕೊಳ್ಳಬೇಕು. ಮೇಲೆ ಹೇಳಿದ ಜಿಎಂ ಪೆಟ್ರೋಲ್ ಟ್ರಕ್ಕುಗಳಲ್ಲಿ ಕೆಲಸ ಇನ್ನೂ ಸರಳ: ಕ್ಯಾಲಿಬ್ರೇಷನ್ ಚಿಪ್ಪನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಹಾಕಬೇಕು. ನಂತರ ಕೋಡ್ 51 ಬಂದರೆ ಚಿಪ್ ಸರಿಯಾಗಿ ಕೂತಿಲ್ಲ ಎಂದು ತಿಳಿದು ಮತ್ತೆ ಕೂರಿಸಬೇಕು.

## ಹಂತ 8: ಜೋಡಣೆ ಮತ್ತು ಪ್ರೋಗ್ರಾಮಿಂಗ್

ಇಸಿಎಂನ ಲೋಹದ ಮೈಯನ್ನು ಮುಟ್ಟುವ ಮುನ್ನ ವಾಹನದ ಬಾಡಿಯನ್ನು ಮುಟ್ಟಿ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಕಂಪನ ತಡೆಯುವ ರಬ್ಬರುಗಳು ಮತ್ತು ಅರ್ತ್ ಪಟ್ಟಿ ಇದ್ದ ಜಾಗಕ್ಕೇ ಮರಳಬೇಕು. ಹಾರ್ನೆಸ್ ಕನೆಕ್ಟರಿಗಿಂತ ಕೆಳಗೆ ಬಾಗಿ ಮೇಲೇರುವಂತಿದ್ದರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಪಿನ್‌ಗಳಿಗೆ ತಲುಪುವುದಿಲ್ಲ. ನೆಗೆಟಿವ್ ಕೇಬಲ್ ಕೊನೆಗೆ.

ಪ್ರೋಗ್ರಾಮಿಂಗ್ ನಡುವೆ ವೋಲ್ಟೇಜ್ ಬಿದ್ದರೆ ಚೆನ್ನಾಗಿದ್ದ ಇಸಿಎಂ ಕೂಡ ಉಪಯೋಗಕ್ಕೆ ಬಾರದಂತಾಗಬಹುದು. ಬ್ಯಾಟರಿ ಸಪೋರ್ಟರ್ ಹಾಕಿ, ದೀಪ, ಫ್ಯಾನ್, ರೇಡಿಯೊ ಎಲ್ಲವನ್ನೂ ಆರಿಸಿ, ಲ್ಯಾಪ್‌ಟಾಪನ್ನು ಅದರ ಚಾರ್ಜರಿಗೆ ಜೋಡಿಸಿ ಆರಂಭಿಸಬೇಕು. ಸಾಮಾನ್ಯ ವೇಗದ ಚಾರ್ಜರ್ ಇದಕ್ಕೆ ಯೋಗ್ಯವಲ್ಲ, ಅದರ ವೋಲ್ಟೇಜ್ ಸ್ಥಿರವಾಗಿರುವುದಿಲ್ಲ. ಬರೆದಿಟ್ಟ ಚಾಸಿ ಸಂಖ್ಯೆ, ಇಂಜೆಕ್ಟರ್ ಕೋಡು ಮತ್ತು ಸೆಟ್ಟಿಂಗುಗಳನ್ನು ತುಂಬಿ, ಇಮೊಬಿಲೈಸರ್ ಹೊಂದಿಸಿ, ಆ ಮಾದರಿಗೆ ಬೇಕಾದ ಕ್ರ್ಯಾಂಕ್ ಸೆನ್ಸರ್ ಅಥವಾ ಥ್ರಾಟಲ್ ಕಲಿಕೆಯನ್ನು (ಆ ಭಾಗವನ್ನು ಹೊಸ ಇಸಿಎಂಗೆ ಪರಿಚಯಿಸುವ ಕ್ರಮವನ್ನು) ಮುಗಿಸಬೇಕು. ಓಡಿದ ದೂರವನ್ನು ಹಳೆಯ ಇಸಿಎಂನಲ್ಲಿ ಇದ್ದಂತೆಯೇ ತುಂಬಬೇಕು.

## ಹಂತ 9: ಮೊದಲ ಸ್ಟಾರ್ಟ್ ಮತ್ತು ನಂತರದ ಎಚ್ಚರಿಕೆ

ಕೂಡಲೇ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಲೈವ್ ಡೇಟಾ ನೋಡಬೇಕು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಕೂಲಂಟ್ ಮತ್ತು ಒಳಗಾಳಿಯ ಉಷ್ಣತೆ ಹತ್ತಿರಹತ್ತಿರ ಒಂದೇ ಇರಬೇಕು. ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನು, ಅಂದರೆ ಸಮುದ್ರ ಮಟ್ಟದಲ್ಲಿ ಸುಮಾರು 100 ಕಿಲೊಪಾಸ್ಕಲ್, ತೋರಿಸಬೇಕು. ಪೆಡಲ್ ಒತ್ತಿದಾಗ ಸಂಖ್ಯೆ ಜಿಗಿಯದೆ ಸರಾಗವಾಗಿ ಏರಬೇಕು. ಇವು ಸರಿಯಿದ್ದರೆ ಪಾರ್ಕಿಂಗ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಸ್ಟಾರ್ಟ್ ಮಾಡಬಹುದು. ಎಂಜಿನ್ ಓಡುತ್ತಿರುವಾಗ ಇಸಿಎಂ ಬಳಿಯ ಹಾರ್ನೆಸನ್ನು ಮೆಲ್ಲಗೆ ಅಲುಗಾಡಿಸಿ ನೋಡಬೇಕು; ಎಂಜಿನ್ ತಡವರಿಸಿದರೆ ಟರ್ಮಿನಲ್ ಇನ್ನೂ ಸಡಿಲವಿದೆ.

ಇನ್ನು ಮುಂದೆ ಈ ವಾಹನದಲ್ಲಿ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಇಸಿಎಂ ಕನೆಕ್ಟರುಗಳನ್ನೂ ಕಳಚಿಸಬೇಕು, ವೆಲ್ಡಿಂಗಿನ ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ತೆಗೆದು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ರೂಢಿಯನ್ನು ಬಿಡಬೇಕು. ಆಗ ಏಳುವ ವೋಲ್ಟೇಜ್ ಇಸಿಎಂ ಅನ್ನು ಕೊಲ್ಲಬಲ್ಲದು. 12 ವೋಲ್ಟಿನ ಟ್ರಕ್ಕನ್ನು 24 ವೋಲ್ಟಿನದರಿಂದ ಜಂಪ್ ಮಾಡುವುದೂ ಹಾಗೆಯೇ.

ಬದಲಿ ಇಸಿಎಂ ಕೂಡ ಅದೇ ರೀತಿ, ಅದೇ ಪಿನ್ನಿನಲ್ಲಿ ಕೆಟ್ಟರೆ ಮೂರನೆಯದನ್ನು ತರಬಾರದು. ಆ ಪಿನ್ನಿನ ಲೋಡು ತಣ್ಣಗಿದ್ದಾಗ ಸರಿಯಾದ ಓಮ್ ತೋರಿಸಿ ಬಿಸಿಯಾದಾಗ ಶಾರ್ಟ್ ಆಗುತ್ತಿರಬಹುದು. ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಹಂತ 3ರ ಅಳತೆಗಳನ್ನು ಮತ್ತೊಮ್ಮೆ ತೆಗೆದುಕೊಂಡು, ಹಾರ್ನೆಸ್ ಎಂಜಿನ್ನಿಗೆ ಅಥವಾ ಚಾಸಿಗೆ ಉಜ್ಜುವ ಪ್ರತಿ ಜಾಗವನ್ನೂ ಟೇಪ್ ಬಿಚ್ಚಿ ನೋಡಬೇಕು.